ಡೇರಿ ಕ್ಯಾನಿಗಿರುವ ಶಿಸ್ತು ತೊಟ್ಟಿಲ ಮಗುವಿನ ಹಾಲಿಗೂ ಬೇಕು



ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಓದುವುದು ಕರು ಸಾಕಣೆ, ಹಸಿರು ಮೇವು, ಕೆಚ್ಚಲು ಬಾವು, ಖನಿಜ ಮಿಶ್ರಣದ ವಿಚಾರ. ಈ ಸಲ ನಾನು ಬರೆಯುತ್ತಿರುವುದು ಕೊಟ್ಟಿಗೆಯ ವಿಚಾರವಲ್ಲ, ತೊಟ್ಟಿಲ ವಿಚಾರ. ಆದರೂ ಇದು ಹಾಲಿನ ವಿಚಾರವೇ. ಆಗಷ್ಟೇ ಹುಟ್ಟಿದ ಮಗುವಿಗೆ ಡಬ್ಬಿ ಹಾಲು ಕೊಡಬೇಕಾಗಿ ಬಂದಾಗ ನಾವು ಏನು ಮಾಡುತ್ತೇವೆ, ಏನು ಮಾಡಬೇಕು ಎನ್ನುವುದನ್ನು ನಮ್ಮ ಮನೆಯ ಅನುಭವದಿಂದಲೇ ಹೇಳುತ್ತೇನೆ.

ನಾನು ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಹದಿನಾರು ವರ್ಷದಿಂದ ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಸಂಘದ ಬಾಗಿಲು ತೆಗೆದು ಹಾಲು ಅಳೆಸಿಕೊಳ್ಳುತ್ತಿದ್ದೇನೆ. ಲ್ಯಾಕ್ಟೋಮೀಟರ್ ಇಳಿಬಿಟ್ಟ ಕೂಡಲೇ ನೀರು ಬಿದ್ದಿದ್ದರೆ ಗೊತ್ತಾಗುತ್ತದೆ. "ಡಿಗ್ರಿ ಬಂದಿಲ್ಲ ಕಣಕ್ಕ, ಈ ಹಾಲು ಬೇಡ" ಎಂದು ಮುಖ ನೋಡದೆ ವಾಪಸ್ ಕಳಿಸಿದ್ದೇನೆ. ಸ್ವಂತ ನಾದಿನಿಯ ಹಾಲನ್ನೂ ಬಿಟ್ಟಿಲ್ಲ. ಅಂಥ ನಾನೇ ನಾಲ್ಕು ವರ್ಷದ ಹಿಂದೆ ನನ್ನ ಮೊಮ್ಮಗಳ ಹಾಲಿಗೆ ನೀರು ಬೆರೆಸಿದೆ. ಗೊತ್ತಿಲ್ಲದೆ ಬೆರೆಸಿದೆ ಎಂದರೆ ಪೂರ್ತಿ ನಿಜವಲ್ಲ. ಡಬ್ಬಿ ಉಳಿಯಲಿ ಎಂದು ಬೆರೆಸಿದೆ.

ಮಗಳಿಗೆ ಹೆರಿಗೆಯಲ್ಲಿ ರಕ್ತ ಬಹಳ ಹೋಯಿತು. ಅವಳನ್ನು ತೀವ್ರ ನಿಗಾ ಘಟಕದಲ್ಲಿ ಇಟ್ಟಿದ್ದರು. ಮಗು ಎರಡು ಕಿಲೋ ಇನ್ನೂರು ಗ್ರಾಂ. ತಾಯಿಗೆ ಹಾಲು ಬರುವ ತನಕ ಎಂದು ವೈದ್ಯರು ಶಿಶು ಹಾಲಿನ ಪುಡಿ ಬರೆದುಕೊಟ್ಟರು. ಮನೆಗೆ ಬಂದ ಮೇಲೆ ಬಾಣಂತಿ ಮಲಗಿದ್ದಲ್ಲೇ ಇದ್ದಳು, ಹಾಲು ಕಲಸುವುದು ನನ್ನ ಕೆಲಸವಾಯಿತು. ನಾವು ತಂದ ಡಬ್ಬಿಯ ಮೇಲೆ 30 ಮಿ.ಲೀ. ನೀರಿಗೆ ಒಂದು ಅಳತೆ ಚಮಚ ಎಂದು ಬರೆದಿತ್ತು. ಡಬ್ಬಿ ಒಂದು ವಾರಕ್ಕೆ ಮುಗಿದು ಹೋಯಿತು. ಎರಡನೆಯ ಡಬ್ಬಿ ತಂದಾಗ ನಾನು 60 ಮಿ.ಲೀ. ನೀರಿಗೆ ಒಂದೇ ಚಮಚ ಹಾಕತೊಡಗಿದೆ. "ಅವ್ವ, ಹಾಲು ತೆಳ್ಳಗೆ ಕಾಣ್ತದಲ್ಲ" ಎಂದಳು ಮಗಳು. "ಎಳೇ ಮಗಾ, ಗಟ್ಟಿ ಹಾಲು ಅರಗಲ್ಲ ಕಣವ್ವ" ಎಂದೆ. ಅಷ್ಟೂ ಸಾಲದು ಎಂದು, ರಾತ್ರಿ ಏಳುವ ಕಷ್ಟ ತಪ್ಪಲಿ ಅಂತ ಒಂದೇ ಸಲ ಕಲಸಿ ಫ್ಲಾಸ್ಕಿನಲ್ಲಿ ಬಿಸಿಯಾಗಿ ಇಟ್ಟುಕೊಂಡು ಕೊಡುತ್ತಿದ್ದೆ.

18ನೇ ದಿನ ಮಗು ಅಳುವುದನ್ನು ನಿಲ್ಲಿಸಿತು. ಒಳ್ಳೆಯ ಮಗು, ಸುಮ್ಮನೆ ಮಲಗುತ್ತದೆ ಎಂದುಕೊಂಡೆವು. ಸಂಜೆ ಹೊತ್ತಿಗೆ ಕೈಕಾಲು ಸೆಟೆದು ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಹಾಲು ಹೇಗೆ ಕಲಸ್ತೀರಿ?" ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ನೀರು ಹೆಚ್ಚಾಗಿ ರಕ್ತದಲ್ಲಿ ಉಪ್ಪಿನಂಶ ಇಳಿದಿದೆ, ಅದಕ್ಕೇ ಫಿಟ್ಸ್ ಬಂದಿದೆ, ತೂಕವೂ ಏರಿಲ್ಲ ಎಂದರು. ಐದು ದಿನ ಆಸ್ಪತ್ರೆಯಲ್ಲಿದ್ದು ಮಗು ಉಳಿಯಿತು. ಆ ಐದು ದಿನ ನಾನು ಸಂಘದ ಲ್ಯಾಕ್ಟೋಮೀಟರನ್ನು ಎಷ್ಟು ಸಲ ನೆನೆದುಕೊಂಡೆನೋ ಲೆಕ್ಕವಿಲ್ಲ.

ಅದಕ್ಕೇ ನನ್ನ ಮಾತು ಇಷ್ಟೇ. ಹಾಲಿನ ಅಳತೆ, ಶುಚಿತ್ವ, ಕಾವು, ಹೊತ್ತು ಈ ನಾಲ್ಕರ ಲೆಕ್ಕ ಈ ನಾಡಿನಲ್ಲಿ ನಮ್ಮಷ್ಟು ಚೆನ್ನಾಗಿ ಗೊತ್ತಿರುವ ಹೆಂಗಸರು ಬೇರೆ ಇಲ್ಲ. ಡೇರಿಗೆ ಹಾಕುವ ಹಾಲಿಗೆ ಇಟ್ಟುಕೊಂಡ ಆ ಲೆಕ್ಕವನ್ನು ಮನೆಯ ಮಗುವಿನ ಹಾಲಿಗೆ ನಾವು ಇಟ್ಟುಕೊಳ್ಳುತ್ತಿಲ್ಲ. ಇಟ್ಟುಕೊಳ್ಳಬೇಕು.

ಮೊದಲ ಹಕ್ಕು ತಾಯಿ ಹಾಲಿಗೆ

ಡಬ್ಬಿ ಹಾಲಿನ ಮಾತಿಗೆ ಮುಂಚೆ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, ಆರು ತಿಂಗಳು ತಾಯಿ ಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆಮೇಲೆ ರಾಗಿ ಸರಿ, ಅನ್ನ, ಬೇಳೆಯ ಜೊತೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಎದೆಹಾಲು ಮುಂದುವರಿಸಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ನಮ್ಮ ಆಶಾ ಕಾರ್ಯಕರ್ತೆಯರು ಹೇಳುವುದು.

ಗಿಣ್ಣಿನ ವಿಚಾರ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಹಸುವಿನ ಕಸ ಬೀಳುವ ತನಕ ಕರುವಿಗೆ ಗಿಣ್ಣು ಕುಡಿಸಬಾರದು ಎನ್ನುತ್ತಿದ್ದೆವು. ಒಕ್ಕೂಟದ ಪಶುವೈದ್ಯರು ಬಂದು, ಕರು ಹುಟ್ಟಿದ ಅರ್ಧ ಗಂಟೆ, ಒಂದು ಗಂಟೆಯೊಳಗೆ ಕುಡಿಸಿ, ಅದರಲ್ಲೇ ರೋಗ ತಡೆಯುವ ಶಕ್ತಿ ಇರುವುದು ಎಂದರು. ಕುಡಿಸಿದೆವು. ಕರುಗಳು ಸಾಯುವುದು ಕಮ್ಮಿಯಾದದ್ದನ್ನು ಕಣ್ಣಾರೆ ಕಂಡೆವು. ಆದರೆ ಅದೇ ಮನೆಯಲ್ಲಿ ಬಾಣಂತಿಯ ಮೊದಲ ಹಳದಿ ಹಾಲನ್ನು "ಕೆಟ್ಟ ಹಾಲು" ಎಂದು ಹಿಂಡಿ ಚೆಲ್ಲಿ, ಮಗುವಿನ ಬಾಯಿಗೆ ಜೇನುತುಪ್ಪ, ಸಕ್ಕರೆ ನೀರು ಹಾಕುವುದು ಇನ್ನೂ ನಿಂತಿಲ್ಲ. ಮೊದಲ ಒಂದೆರಡು ದಿನ ತಾಯಿಗೆ ಕೆಲವೇ ಚಮಚ ಹಾಲು ಬರುತ್ತದೆ. ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು, ಅದು ಸಾಕು. ಜೇನುತುಪ್ಪವನ್ನು ಒಂದು ವರ್ಷದವರೆಗೆ ನೆಕ್ಕಿಸಲೂ ಬಾರದು.

ಆದರೆ ಕೆಲವು ಮನೆಗಳಲ್ಲಿ ಡಬ್ಬಿ ಹಾಲು ಬೇಕೇ ಆಗುತ್ತದೆ. ತಾಯಿ ಗಂಭೀರ ಕಾಯಿಲೆಯಲ್ಲಿರಬಹುದು, ಮಗುವಿಗೆ ಹೋಗಬಾರದ ಔಷಧಿ ತೆಗೆದುಕೊಳ್ಳುತ್ತಿರಬಹುದು, ಹೆರಿಗೆಯಲ್ಲಿ ತಾಯಿಯೇ ಹೋಗಿರಬಹುದು, ಮಗುವನ್ನು ದತ್ತು ತಂದಿರಬಹುದು. ಅಂಥ ಮನೆಗೆ ಹೋಗಿ "ಅಯ್ಯೋ, ಎದೆಹಾಲು ಕೊಡಲ್ವಾ?" ಎಂದು ಕೇಳುವ ನಾಲಿಗೆಯಿಂದ ಮಗುವಿಗೆ ಒಂದು ತೊಟ್ಟೂ ಒಳ್ಳೆಯದಾಗುವುದಿಲ್ಲ. ನಾಚಿಕೆಯಿಂದ ಬಾಣಂತಿ ಬಚ್ಚಿಟ್ಟುಕೊಂಡು, ಯಾರನ್ನೂ ಕೇಳದೆ, ತನಗೆ ತೋಚಿದ ಹಾಗೆ ಕಲಸುತ್ತಾಳೆ. ತಪ್ಪುಗಳು ಆಗುವುದೇ ಅಲ್ಲಿ. ವೈದ್ಯರು ಬರೆದುಕೊಟ್ಟರೆ ಅದು ಔಷಧಿ ಇದ್ದಂತೆ. ಔಷಧಿಯ ಹಾಗೆಯೇ ಅಳೆದು ಕೊಡಬೇಕು.

ವೈದ್ಯರು ಹೇಳದೆ ಅಂಗಡಿಯವರು ಹೇಳಿದರೆಂದು, ನೆಂಟರು ಹೇಳಿದರೆಂದು ಡಬ್ಬಿ ತರಬೇಡಿ. 1992ರಲ್ಲಿ ಬಂದ, 2003ರಲ್ಲಿ ತಿದ್ದುಪಡಿಯಾದ ಕೇಂದ್ರದ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಕೊಡುವಂತಿಲ್ಲ, ಉಚಿತ ಸ್ಯಾಂಪಲ್ ಹಂಚುವಂತಿಲ್ಲ, ಡಬ್ಬಿಯ ಮೇಲೆ ಮಗುವಿನ ಅಥವಾ ಹೆಂಗಸಿನ ಚಿತ್ರ ಹಾಕುವಂತಿಲ್ಲ. ತಾಯಿ ಹಾಲೇ ಶ್ರೇಷ್ಠ ಎಂದು ಡಬ್ಬಿಯ ಮೇಲೆಯೇ ಬರೆದಿರಬೇಕು. ಡಬ್ಬಿ ಕೈಗೆ ಬಂದಾಗ ಒಮ್ಮೆ ತಿರುಗಿಸಿ ಓದಿ.

ನಮ್ಮ ಹಸುವಿನ ಹಾಲೇ ಇದೆಯಲ್ಲ?

"ಮನೆ ತುಂಬ ಹಾಲಿರುವಾಗ ದುಡ್ಡು ಕೊಟ್ಟು ಪುಡಿ ಯಾಕೆ?" ಎಂದು ನಮ್ಮಲ್ಲಿ ಪ್ರತಿ ಅತ್ತೆಯೂ ಕೇಳುತ್ತಾಳೆ. ಹಾಲಿನಿಂದಲೇ ಬದುಕುವ ನಾನು ಇದಕ್ಕೆ ಉತ್ತರ ಹೇಳಲೇಬೇಕು. ಒಂದು ವರ್ಷ ತುಂಬದ ಮಗುವಿಗೆ ಹಸು, ಎಮ್ಮೆ, ಮೇಕೆ ಯಾವುದರ ಹಾಲನ್ನೂ ಕುಡಿಯುವ ಹಾಲಾಗಿ ಕೊಡಬಾರದು.

ಕಾರಣ ನಮ್ಮ ಎಸ್‌ಎನ್‌ಎಫ್ ಲೆಕ್ಕದಲ್ಲೇ ಇದೆ. ಹಸುವಿನ ಹಾಲಿನಲ್ಲಿ ಪ್ರೋಟೀನ್ ನೂರಕ್ಕೆ ಮೂರಕ್ಕಿಂತ ಹೆಚ್ಚು, ತಾಯಿ ಹಾಲಿನಲ್ಲಿ ನೂರಕ್ಕೆ ಒಂದರ ಆಸುಪಾಸು. ಲವಣಗಳೂ ಹಸುವಿನ ಹಾಲಿನಲ್ಲಿ ಸುಮಾರು ಮೂರು ಪಟ್ಟು. ಕರು ಒಂದೂವರೆ ಎರಡು ತಿಂಗಳಲ್ಲಿ ಹುಟ್ಟಿದ ತೂಕದ ಎರಡರಷ್ಟಾಗಬೇಕು, ಅದಕ್ಕೆ ಆ ಹಾಲು ಸರಿ. ಮನುಷ್ಯರ ಮಗುವಿಗೆ ಅದಕ್ಕೆ ನಾಲ್ಕೈದು ತಿಂಗಳು ಬೇಕು. ಎಳೆ ಮಗುವಿನ ಮೂತ್ರಪಿಂಡ ಅಷ್ಟು ಪ್ರೋಟೀನ್, ಅಷ್ಟು ಉಪ್ಪನ್ನು ಹೊರಹಾಕಲಾರದು. ಕಬ್ಬಿಣದ ಅಂಶವೂ ಹಸುವಿನ ಹಾಲಿನಲ್ಲಿ ತೀರಾ ಕಮ್ಮಿ, ಕರುಳಿನಿಂದ ಕಾಣದಂತೆ ರಕ್ತ ಒಸರಿ ಮಗುವಿಗೆ ರಕ್ತಹೀನತೆ ಬರುತ್ತದೆ. ನೀರು ಬೆರೆಸಿದರೆ ಪ್ರೋಟೀನ್ ಇಳಿಯುತ್ತದೆ ನಿಜ, ಜೊತೆಗೆ ಫ್ಯಾಟೂ ಇಳಿದು ಮಗು ಸೊರಗುತ್ತದೆ. ಕಬ್ಬಿಣವಂತೂ ಇನ್ನಷ್ಟು ಕಮ್ಮಿಯಾಗುತ್ತದೆ.

"ನಾವೆಲ್ಲ ಹಸುವಿನ ಹಾಲು ಕುಡಿದೇ ಬೆಳೆದಿಲ್ವಾ?" ಎನ್ನುವ ಮಾತೂ ಇದೆ. ಬೆಳೆದವರು ಮಾತಾಡುತ್ತಿದ್ದೇವೆ. ನಮ್ಮ ಅಜ್ಜಿಯರು ಹೆತ್ತದ್ದೆಷ್ಟು, ಉಳಿದದ್ದೆಷ್ಟು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ.

ಇನ್ನೊಂದು ಎಚ್ಚರಿಕೆ. ಕಾಫಿ ಟೀಗೆ ಹಾಕುವ ಹಾಲಿನ ಪುಡಿ, ಕೆನೆರಹಿತ ಹಾಲಿನ ಪುಡಿ, ಡೇರಿ ವೈಟ್‌ನರ್, ಸಿಹಿ ಹಾಲಿನ ಡಬ್ಬಿ ಇವು ಯಾವುವೂ ಶಿಶು ಹಾಲಿನ ಪುಡಿಯಲ್ಲ. ನಮ್ಮದೇ ಒಕ್ಕೂಟದ ಮಾಮೂಲಿ ಹಾಲಿನ ಪುಡಿಯಾದರೂ ಅಲ್ಲ. ಶಿಶು ಹಾಲಿನ ಪುಡಿ ಕೂಡ ಹಸು, ಎಮ್ಮೆಯ ಹಾಲಿನಿಂದಲೇ ಆಗುವುದು. ಆದರೆ ಪ್ರೋಟೀನ್ ಮತ್ತು ಲವಣ ತಗ್ಗಿಸಿ, ಎಣ್ಣೆಯಂಶ, ಕಬ್ಬಿಣ, ವಿಟಮಿನ್ ಸರಿದೂಗಿಸಿ ಮಾಡಿರುತ್ತಾರೆ. ಅದು ಸಣ್ಣ ಕೆಲಸವಲ್ಲ. 1950ರ ದಶಕದಲ್ಲಿ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದರು. ಗುಜರಾತಿನ ಆಣಂದದ ಸಹಕಾರಿ ಡೇರಿ ಅದನ್ನು ತಯಾರಿಕೆಗೆ ತಂದಿತು. ಅಷ್ಟು ವಿಜ್ಞಾನ ಬೇಕಾದ ಕೆಲಸವನ್ನು ನಾವು ಒಲೆ ಮುಂದೆ ಕೂತು ಲೋಟದಲ್ಲಿ ನೀರು ಬೆರೆಸಿ ಮಾಡಲಾಗದು.

ವರ್ಷ ತುಂಬಿದ ಮೇಲೆ ನಮ್ಮ ಹಸುವಿನ ಹಾಲನ್ನು ಕಾಯಿಸಿ ಧಾರಾಳವಾಗಿ ಕೊಡಿ. ಅಲ್ಲಿಂದ ಮುಂದೆ ಅದಕ್ಕೆ ಸರಿಸಾಟಿಯಿಲ್ಲ.

ನೀರಿನ ಲೆಕ್ಕ

ಹಾಲಿಗೆ ನೀರು ಬೆರೆಸಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ 2008ರಲ್ಲಿ ಚೀನಾದಲ್ಲಿ ನಡೆದದ್ದನ್ನು ನೆನೆಯಬೇಕು. ಹಾಲಿಗೆ ನೀರು ಬೆರೆಸಿ, ಪರೀಕ್ಷೆಯಲ್ಲಿ ಪ್ರೋಟೀನ್ ಕಮ್ಮಿ ಕಾಣದಿರಲಿ ಎಂದು ಮೆಲಮೈನ್ ಎಂಬ ರಾಸಾಯನಿಕ ಸೇರಿಸಿದರು. ಆ ಹಾಲು ಶಿಶು ಹಾಲಿನ ಪುಡಿಯಾಯಿತು. ಮಕ್ಕಳ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಸರ್ಕಾರಿ ಲೆಕ್ಕದಲ್ಲೇ ಆರು ಕೂಸುಗಳು ಸತ್ತವು. ಸಂಘದಲ್ಲಿ ಯಾರಾದರೂ "ಒಂದು ಚೊಂಬು ನೀರಿಗೇನು" ಎಂದಾಗ ನಾನು ಈಗ ಇದನ್ನು ಹೇಳುತ್ತೇನೆ. ನಮ್ಮ ಕ್ಯಾನಿನ ಹಾಲು ಯಾವ ಮಗುವಿನ ಬಾಯಿಗೆ ಹೋಗುತ್ತದೋ ನಮಗೆ ತಿಳಿಯದು.

ಮನೆಯಲ್ಲೂ ಅದೇ. ನೀರು ಹೆಚ್ಚಾದರೆ ಮಗುವಿನ ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈ ತುಂಬುವುದಿಲ್ಲ. ನಮ್ಮ ಮಗುವಿಗೆ ಆದಂತೆ ಫಿಟ್ಸೂ ಬರಬಹುದು. ಇನ್ನು ಕೆಲವರು ಮಗು ಬೇಗ ದಪ್ಪಗಾಗಲಿ ಎಂದು ಒಂದು ಚಮಚ ಜಾಸ್ತಿ ಹಾಕುತ್ತಾರೆ. ಅದೂ ಅಪಾಯವೇ. ಮಲ ಗಟ್ಟಿಯಾಗುತ್ತದೆ, ಮೈಯ ನೀರು ಒಣಗುತ್ತದೆ, ಮೂತ್ರಪಿಂಡಕ್ಕೆ ಹೊರೆ ಬೀಳುತ್ತದೆ. ಡಬ್ಬಿಯ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ. ಆ ಡಬ್ಬಿಯೊಳಗಿನ ಚಮಚವೇ ಆಗಬೇಕು, ಒಂದು ಕಂಪನಿಯ ಚಮಚ ಇನ್ನೊಂದಕ್ಕೆ ಬಾರದು. ಚಮಚ ತುಂಬಿಸಿ, ಶುಚಿಯಾದ ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ಗೋಪುರ ಕಟ್ಟಬೇಡಿ, ಒತ್ತಿ ತುಂಬಬೇಡಿ. ಮೊದಲು ನೀರು ಅಳೆಯಿರಿ, ಆಮೇಲೆ ಪುಡಿ ಹಾಕಿ. ಸಕ್ಕರೆ, ರಾಗಿ ಹಿಟ್ಟು, ಬಿಸ್ಕತ್ತು ಏನನ್ನೂ ಸೇರಿಸಬೇಡಿ.

ಡಬ್ಬಿ ಕೊಳ್ಳಲು ಕಷ್ಟವಾದರೆ ಅದನ್ನು ಬಾಯಿಬಿಟ್ಟು ಹೇಳಿ. ಆಶಾ ಕಾರ್ಯಕರ್ತೆಗೆ ಹೇಳಿ, ವೈದ್ಯರಿಗೆ ಹೇಳಿ, ಸಂಘದಲ್ಲಿ ಮುಂಗಡ ಕೇಳಿ. ನಾನು ಕೇಳಲಿಲ್ಲ. ಹಸುವಿನ ಚಿಕಿತ್ಸೆಗೆ ಮುಂಗಡ ಕೇಳಿದ್ದೇನೆ, ಮೊಮ್ಮಗಳ ಹಾಲಿಗೆ ಕೇಳಲು ಮರ್ಯಾದೆ ಅಡ್ಡ ಬಂತು.

ಪುಡಿಯಲ್ಲೂ ರೋಗಾಣು ಇರಬಹುದು

ಸೀಲ್ ಮಾಡಿದ ಡಬ್ಬಿ, ಹಾಗಾಗಿ ಶುದ್ಧ ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. ಹಾಲಿನ ಪುಡಿಯನ್ನು ಪೂರ್ತಿ ರೋಗಾಣುಮುಕ್ತವಾಗಿ ಮಾಡಲು ಆಗುವುದಿಲ್ಲ. ಕ್ರೋನೋಬ್ಯಾಕ್ಟರ್, ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಒಣ ಪುಡಿಯಲ್ಲೂ ಬದುಕಿರಬಲ್ಲವು. ದೊಡ್ಡವರಿಗೆ ಏನೂ ಆಗದಿರಬಹುದು. ಎರಡು ತಿಂಗಳೊಳಗಿನ ಕೂಸು, ದಿನ ತುಂಬದೆ ಹುಟ್ಟಿದ್ದು, ಎರಡೂವರೆ ಕಿಲೋಗಿಂತ ಕಡಿಮೆ ತೂಕದ್ದು ಇವಕ್ಕೆ ರಕ್ತದ ಸೋಂಕು, ಮೆದುಳು ಜ್ವರ ಬರಬಹುದು. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕಲಸುವ ಕ್ರಮವನ್ನು ಬರೆದು ಹೊರಡಿಸಿತು. ಅದರ ತಿರುಳು ಹೀಗಿದೆ.

ಮೊದಲು ಕೈ. ಸಗಣಿ ಬಾಚಿದ, ಕೆಚ್ಚಲು ತೊಳೆದ, ಹುಲ್ಲು ಹಾಕಿದ ಕೈ ನಮ್ಮದು. ನೀರಿನಲ್ಲಿ ಅದ್ದಿ ಸೀರೆ ಸೆರಗಿಗೆ ಒರೆಸಿಕೊಂಡರೆ ಸಾಲದು. ಸೋಪು ಹಾಕಿ ಉಗುರಿನ ಸಂದಿಯವರೆಗೆ ತೊಳೆಯಬೇಕು. ಕಲಸುವ ಜಾಗವನ್ನೂ ಒರೆಸಬೇಕು.

ಆಮೇಲೆ ಪಾತ್ರೆ. ಲೋಟ, ಒಳಲೆ, ಚಮಚ, ಬಾಟಲಿ ಏನೇ ಇರಲಿ, ಸೋಪಿನ ಬಿಸಿ ನೀರಿನಲ್ಲಿ ಉಜ್ಜಿ, ನೀರಿನಲ್ಲಿ ಪೂರ್ತಿ ಮುಳುಗಿಸಿ ಹತ್ತು ನಿಮಿಷ ಕುದಿಸಿ. ಬೇಕಾಗುವ ತನಕ ಮುಚ್ಚಿಡಿ. ಹಾಲಿನ ಕ್ಯಾನು ತೊಳೆಯುವ ಬ್ರಷ್ಷು ಮಗುವಿನ ಪಾತ್ರೆಗೆ ಬೇಡ.

ಮೂರನೆಯದು ನೀರು. ಕನಿಷ್ಠ ಒಂದು ಲೀಟರ್ ನೀರನ್ನು ಮರಳುವ ತನಕ ಕುದಿಸಿ, ಮುಚ್ಚಿ ಇಳಿಸಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರಾದರೂ ಕುದಿಸಲೇಬೇಕು. ಅರ್ಧ ಗಂಟೆಯೊಳಗೆ ಆ ಬಿಸಿ ನೀರಿನಲ್ಲೇ ಪುಡಿ ಕಲಸಿ. ಕಲಸುವಾಗ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಪುಡಿಯಲ್ಲಿರುವ ರೋಗಾಣುವನ್ನು ಕೊಲ್ಲುವುದು ಈ ಕಾವೇ. ಸ್ವಲ್ಪವೇ ನೀರು ಕುದಿಸಿದರೆ ಬೇಗ ಆರಿಬಿಡುತ್ತದೆ, ಅದಕ್ಕೇ ಒಂದು ಲೀಟರ್. ಕೆಲವು ಡಬ್ಬಿಗಳ ಮೇಲೆ ಉಗುರು ಬೆಚ್ಚಗಿನ ನೀರು ಎಂದು ಬರೆದಿರುತ್ತದೆ. ಎಳೆಗೂಸಿದ್ದರೆ ವೈದ್ಯರನ್ನು ಕೇಳಿ ನಡೆಯಿರಿ.

ನಾಲ್ಕನೆಯದು ಆರಿಸುವುದು. ಕಲಸಿದ ಪಾತ್ರೆಯನ್ನು ಮುಚ್ಚಿ ತಣ್ಣೀರಿನ ಬೋಗುಣಿಯಲ್ಲಿಡಿ. ಹೊರಗಿನ ನೀರು ಒಳಗೆ ಸೇರಬಾರದು. ಬೆಚ್ಚಗಾದ ಮೇಲೆ ಮುಂಗೈ ಒಳಭಾಗಕ್ಕೆ ಎರಡು ಹನಿ ಬಿಟ್ಟು ನೋಡಿ. ಸುಡಬಾರದು. ಬಿಸಿ ಹಾಲು ನೇರ ಬಾಯಿಗೆ ಹೋಗಿ ನಾಲಿಗೆ ಸುಟ್ಟುಕೊಂಡ ಕೂಸುಗಳಿವೆ.

ಎರಡು ಗಂಟೆಯ ಗಡುವು

ಹಾಲು ಕರೆದ ಮೇಲೆ ಬೇಗ ಸಂಘಕ್ಕೆ ತನ್ನಿ ಎನ್ನುತ್ತೇವೆ. ಬಿಎಂಸಿಯಲ್ಲಿ 4 ಡಿಗ್ರಿಗೆ ತಂಪು ಮಾಡುತ್ತೇವೆ. ತಡವಾದರೆ ಹಾಲು ಒಡೆಯುತ್ತದೆ ಎಂದು ಗೊತ್ತು. ಬೆಚ್ಚಗಿನ ಹಾಲಿನಲ್ಲಿ ರೋಗಾಣುಗಳು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲವು ಎಂದೂ ತರಬೇತಿಯಲ್ಲಿ ಕೇಳಿದ್ದೇವೆ. ನಾನು ಮೊಮ್ಮಗಳ ಹಾಲನ್ನು ರಾತ್ರಿಯಿಡೀ ಫ್ಲಾಸ್ಕಿನಲ್ಲಿ ಬೆಚ್ಚಗೆ ಇಟ್ಟದ್ದು ಎಂದರೆ ರೋಗಾಣುವಿಗೆ ಹಾಸಿಗೆ ಹಾಸಿ ಕೊಟ್ಟಂತೆ.

ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಕುಡಿಸಿ ಮುಗಿಸಬೇಕು. ಮಗು ಬಾಯಿಟ್ಟು ಬಿಟ್ಟ ಹಾಲನ್ನು ಮುಂದಿನ ಸಲಕ್ಕೆ ಎತ್ತಿಡಬಾರದು, ಚೆಲ್ಲಬೇಕು. ಹಾಲು ಚೆಲ್ಲಲು ನಮಗೆ ಕೈ ಬಾರದು, ಗೊತ್ತು. ಅದಕ್ಕೆ ಉಪಾಯ, ಒಂದು ಸಲಕ್ಕೆ ಬೇಕಾದಷ್ಟೇ ಕಲಸುವುದು. ಫ್ರಿಜ್ ಇದ್ದು, ಕರೆಂಟು ನಂಬುವ ಹಾಗಿದ್ದರೆ, ಕಲಸಿದ ಕೂಡಲೇ ತಣಿಸಿ ಒಳಭಾಗದಲ್ಲಿ 5 ಡಿಗ್ರಿ ಮೀರದಂತೆ 24 ಗಂಟೆ ಇಡಬಹುದು. ಬಾಗಿಲಿನ ಗೂಡಿನಲ್ಲಿ ಬೇಡ. ಕೊಡುವ ಮುಂಚೆ ಬಿಸಿ ನೀರಿನ ಪಾತ್ರೆಯಲ್ಲಿಟ್ಟು 15 ನಿಮಿಷದೊಳಗೆ ಬೆಚ್ಚಗೆ ಮಾಡಿ. ಒಮ್ಮೆ ಬೆಚ್ಚಗೆ ಮಾಡಿದ್ದನ್ನು ಮತ್ತೆ ಫ್ರಿಜ್ಜಿಗೆ ಇಡಬೇಡಿ. ಕರೆಂಟು ಗಂಟೆಗಟ್ಟಲೆ ಹೋಗುವ ಊರಾದರೆ ಪ್ರತಿ ಸಲವೂ ಹೊಸದಾಗಿ ಕಲಸುವುದೇ ಸರಿ.

ರಾತ್ರಿಗೆ, ಹೊಲಕ್ಕೆ, ಪ್ರಯಾಣಕ್ಕೆ ಫ್ಲಾಸ್ಕ್ ಬೇಕೇ ಬೇಕು. ಆದರೆ ಅದರಲ್ಲಿ ಇಡಬೇಕಾದದ್ದು ಹಾಲಲ್ಲ, ಕುದಿದ ಬಿಸಿ ನೀರು. ಪುಡಿಯನ್ನು ಅಳೆದು ಒಣಗಿದ ಶುಚಿ ಡಬ್ಬಿಯಲ್ಲಿ ಬೇರೆ ಇಟ್ಟುಕೊಳ್ಳಿ. ಮಗು ಎದ್ದಾಗ ಕಲಸಿ. ನೀರು ಚೆನ್ನಾಗಿ ಬಿಸಿ ಇರುವಂತೆ ನೋಡಿಕೊಳ್ಳಿ.

ಪುಡಿ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ತಂಪಾದ ಒಣ ಜಾಗದಲ್ಲಿಡಿ, ಫ್ರಿಜ್ಜಿನಲ್ಲಿ ಅಲ್ಲ. ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆಯಿರಿ. ಎಷ್ಟು ದಿನದೊಳಗೆ ಮುಗಿಸಬೇಕೆಂದು ಡಬ್ಬಿಯ ಮೇಲೆಯೇ ಇರುತ್ತದೆ. ಒದ್ದೆ ಚಮಚ ಒಳಗೆ ಹೋಗಬಾರದು.

ಒಳಲೆ ಮರೆಯಬೇಡಿ

ನಮ್ಮ ಅಜ್ಜಿಯರ ಕಾಲದ ಒಳಲೆ ಇಂದಿಗೂ ಬಾಟಲಿಗಿಂತ ಮೇಲು. ಬಾಟಲಿಯ ಮೂಲೆ, ನಿಪ್ಪಲಿನ ತೂತಿನಲ್ಲಿ ಹಾಲು ಅಂಟಿ ಕೊಳೆಯುತ್ತದೆ. ಒಳಲೆ ತೆರೆದ ಪಾತ್ರೆ, ಉಜ್ಜಿದರೆ ಕೊಳೆ ನಿಲ್ಲದು. ನಿಪ್ಪಲ್ ಅಭ್ಯಾಸವಾದ ಮಗು ಆಮೇಲೆ ಎದೆ ಹಿಡಿಯಲು ಹಟ ಮಾಡುವುದೂ ಉಂಟು. ಮಗುವನ್ನು ತೊಡೆಯ ಮೇಲೆ ಅರ್ಧ ಕೂರಿಸಿ, ತಲೆಗೆ ಆಸರೆ ಕೊಟ್ಟು, ತುಟಿಯ ಅಂಚಿಗೆ ಒಳಲೆ ತಾಗಿಸಿ, ಅದು ನುಂಗಿದಷ್ಟು ನುಂಗಲು ಬಿಡಿ. ಮಲಗಿಸಿ ಗಂಟಲಿಗೆ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಬಾಟಲಿಯೇ ಕೊಟ್ಟರೂ ಮಗುವಿನ ಬಾಯಿಗೆ ಬಾಟಲಿ ಆನಿಸಿಟ್ಟು ಹಾಲು ಕರೆಯಲು ಹೋಗಬೇಡಿ. ಕುಡಿಸಿದ ಮೇಲೆ ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ.

ತಾಯಿಗೆ ಹಾಲಿದ್ದೂ ಬೆಳಿಗ್ಗೆ ಸಂಜೆ ಕೆಲಸಕ್ಕೆ ಹೋಗಬೇಕಾದವರು ಡಬ್ಬಿ ತರುವ ಅಗತ್ಯವೇ ಇಲ್ಲ. ಶುಚಿಯಾದ ಕೈಯಲ್ಲಿ, ಕುದಿಸಿದ ಸ್ಟೀಲ್ ಲೋಟಕ್ಕೆ ಎದೆಹಾಲು ಹಿಂಡಿ ಮುಚ್ಚಿಟ್ಟರೆ ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಕೆಡದು. ಅಜ್ಜಿ ಒಳಲೆಯಲ್ಲಿ ಕುಡಿಸಬಹುದು.

ತಡಮಾಡಬಾರದ ಲಕ್ಷಣಗಳು

ಮಗು ಹಾಲು ಕುಡಿಯದೆ ಬಿಡುವುದು, ಎಬ್ಬಿಸಿದರೂ ಏಳದೆ ತೂಗಿ ಬೀಳುವುದು, ಮೈ ಸುಡುವುದು ಅಥವಾ ತಣ್ಣಗಾಗುವುದು, ಉಸಿರು ಜೋರಾಗುವುದು, ನೆತ್ತಿ ಒಳಕ್ಕೆ ಇಳಿಯುವುದು, ಫಿಟ್ಸ್ ಬರುವುದು. ಇವುಗಳಲ್ಲಿ ಒಂದು ಕಂಡರೂ ದೃಷ್ಟಿ ತೆಗೆಯುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ಮೊದಲ ವಾರದ ನಂತರ ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಮೂತ್ರ ಮಾಡಿದರೂ ತೋರಿಸಿ. ಸಣ್ಣ ಅನುಮಾನಗಳಿಗೆ 104 ಆರೋಗ್ಯ ಸಹಾಯವಾಣಿ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರುತ್ತಾರೆ. ಬಂದಾಗ ಕಾಫಿ ಕೊಟ್ಟು ಕಳಿಸಬೇಡಿ. ನೀವು ಹಾಲು ಕಲಸುವುದನ್ನು ಅವರ ಕಣ್ಣೆದುರೇ ಮಾಡಿ ತೋರಿಸಿ.

ಸಂಘಗಳು ಮಾಡಬೇಕಾದದ್ದು

ಆಸ್ಪತ್ರೆಯಿಂದ ಬರುವಾಗ ನಮಗೆ ಚೀಟಿ ಕೊಟ್ಟರು, ಕಲಸಿ ತೋರಿಸಿದವರು ಯಾರೂ ಇರಲಿಲ್ಲ. ಹಸುವಿಗೆ ಕೃತಕ ಗರ್ಭಧಾರಣೆ, ಕೆಚ್ಚಲು ಬಾವಿನ ಪರೀಕ್ಷೆ, ರಸಮೇವು ಎಲ್ಲವನ್ನೂ ನಮಗೆ ಕೈಹಿಡಿದು ತೋರಿಸಿಕೊಟ್ಟದ್ದು ಒಕ್ಕೂಟ. ಹಾಗಾಗಿ ಒಕ್ಕೂಟದ ಮುಂದೆ, ನಿಮ್ಮೆಲ್ಲರ ಮುಂದೆ ನನ್ನ ಮೂರು ಬೇಡಿಕೆಗಳಿವೆ.

ಒಂದು, ಶುದ್ಧ ಹಾಲು ಉತ್ಪಾದನೆಯ ತರಬೇತಿಯಲ್ಲಿ ಅರ್ಧ ಗಂಟೆ ಮಗುವಿನ ಹಾಲಿಗೆ ಮೀಸಲಿಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಬ್ಬ ದಾದಿಯನ್ನು ಕರೆಸಿ, ಎದೆಗೆ ಹಾಕುವ ಕ್ರಮ, ಡಬ್ಬಿ ಹಾಲು ಕಲಸುವ ಕ್ರಮ ಎರಡನ್ನೂ ಮಾಡಿ ತೋರಿಸಲಿ. ಬಾಣಂತನ ಮಾಡುವ ಅತ್ತೆ, ತಾಯಂದಿರೂ ಬರಬೇಕು. ಕಲಸುವವರು ನಾವೇ ತಾನೆ?

ಎರಡು, ಹೆರಿಗೆಯಾದ ಸದಸ್ಯೆಗೆ, ಸದಸ್ಯೆಯ ಮಗಳು ಸೊಸೆಗೆ ಮೊದಲ ತಿಂಗಳು ಸಂಘದಿಂದ ಇಬ್ಬರು ಹೋಗಿ ನೋಡಿ ಬರಲಿ. ಗದರಿಸಲು ಅಲ್ಲ, ಕೇಳಲು. ವೈದ್ಯರು ಡಬ್ಬಿ ಬರೆದ ಮನೆಗೆ ಕೈ ಬಿಗಿಯಾಗಿದ್ದರೆ ಹಾಲಿನ ಬಟವಾಡೆಯಲ್ಲಿ ಮುಂಗಡ ಕೊಡುವ ಠರಾವು ಮಾಡಲಿ.

ಮೂರು, "ಒಂದು ವರ್ಷದೊಳಗಿನ ಮಗುವಿಗೆ ಹಸು ಎಮ್ಮೆ ಹಾಲು ಬೇಡ" ಎಂಬ ಬೋರ್ಡು ಪ್ರತಿ ಸಂಘದ ಗೋಡೆಯ ಮೇಲೆ ಬರಲಿ. ಹಾಲು ಮಾರುವವರು ಹೀಗೆ ಬರೆದರೆ ವ್ಯಾಪಾರ ಕೆಡುತ್ತದೆ ಎಂದು ಒಬ್ಬ ನಿರ್ದೇಶಕರು ನನ್ನೊಡನೆ ವಾದಿಸಿದರು. ನನಗೆ ಹಾಗನ್ನಿಸುವುದಿಲ್ಲ. ಯಾವ ಹಾಲು ಯಾರಿಗೆ, ಯಾವಾಗ ಎಂದು ನಿಜ ಹೇಳುವ ಡೇರಿಯ ಹಾಲನ್ನು ಜನ ನಂಬುತ್ತಾರೆ. ಆ ಮಗು ವರ್ಷ ತುಂಬಿ ಚೆನ್ನಾಗಿ ಬದುಕಿದರೆ ಇನ್ನು ಎಪ್ಪತ್ತು ವರ್ಷ ನಮ್ಮ ಹಾಲನ್ನೇ ಕುಡಿಯುತ್ತದೆ.

ನಮ್ಮ ಮನೆಯ ಮಾತು ಮುಗಿಸುತ್ತೇನೆ. ಆಸ್ಪತ್ರೆಯಲ್ಲಿ ದಾದಿಯೊಬ್ಬರು ಮಗಳ ಪಕ್ಕದಲ್ಲಿ ಕೂತು, ಎರಡೆರಡು ಗಂಟೆಗೊಮ್ಮೆ ಮಗುವನ್ನು ಎದೆಗೆ ಹಾಕಿಸಿದರು. ಮೊದಲು ತೊಟ್ಟು ತೊಟ್ಟು, ಆಮೇಲೆ ಹಾಲು ಇಳಿಯಿತು. ಒಂದೂವರೆ ತಿಂಗಳಿಗೆ ಡಬ್ಬಿ ಬಿಟ್ಟೆವು. ಅಲ್ಲಿಯತನಕ ನಾನು ಡಬ್ಬಿ ಹಾಲನ್ನು ಗಡಿಯಾರ ನೋಡಿ, ಚಮಚ ಮಟ್ಟ ಮಾಡಿ, ಒಂದು ಸಲವೂ ತಪ್ಪದೆ ಕಲಸಿದೆ. ಈಗ ಅವಳು ಅಂಗನವಾಡಿಗೆ ಹೋಗುತ್ತಾಳೆ. ಸಂಜೆ ಸಂಘಕ್ಕೆ ನನ್ನ ಜೊತೆ ಬಂದು, ಲ್ಯಾಕ್ಟೋಮೀಟರ್ ಇಳಿಬಿಟ್ಟಾಗ ಬಗ್ಗಿ ನೋಡುತ್ತಾಳೆ. "ಡಿಗ್ರಿ ಬಂತಾ ಅಜ್ಜಿ?" ಎಂದು ಕೇಳುತ್ತಾಳೆ.

ನಿಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದರೆ, ಕಟ್ಟುವುದಿದ್ದರೆ, ಈ ಪುಟವನ್ನು ಹರಿದು ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿ. ಓದಲು ಬಾರದ ನೆರೆಯವರಿಗೆ ಓದಿ ಹೇಳಿ.